ಸಬೀರಾಬಿಯ ಸುಳ್ಳು ಗಂಟಲುನೋವು

ಎಪ್ಪತ್ತರ ದಶಕದಲ್ಲಿ ನಮ್ಮ ಆರ್.ಟಿ. ನಗರದ ಯಾವ ಸಾಬರ ಮನೆಯಲ್ಲಿ ಮದುವೆ ಗೊತ್ತಾದರೂ, ಅಡುಗೆಯವನಿಗಿಂತ ಮೊದಲು ಸಬೀರಾಬಿಗೆ ಹೇಳಿಕಳಿಸುತ್ತಿದ್ದರು. ಬಿರಿಯಾನಿ ಕೆಟ್ಟರೆ ಅದು ಒಂದು ದಿನದ ಮಾತು. ಬೈಗುಳ ಕೆಟ್ಟರೆ ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಬೈಗುಳ ಎಂದರೆ ಬೀದಿ ನಲ್ಲಿಯ ಮುಂದಿನ ಬೈಗುಳವಲ್ಲ. ಮೆಹಂದಿಯ ದಿನ ಹೆಣ್ಣಿನ ಕಡೆಯ ಹೆಂಗಸರು ಪರದೆಯ ಹಿಂದೆ ಡೋಲಕ್ ಇಟ್ಟುಕೊಂಡು ಕೂತು, ಗಂಡಿನ ಕಡೆಯವರನ್ನು ಹೆಸರು ಹಿಡಿದು ಹಾಡಿನಲ್ಲಿ ಬಯ್ಯುತ್ತಾರೆ. ಬೈಸಿಕೊಂಡವರು ಪರದೆಯ ಈಚೆ ಕೂತು ನಗಬೇಕು. ಅದು ಪದ್ಧತಿ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಹಾಡುಗಳಲ್ಲಿ ಯಾರೂ ಯಾರನ್ನೂ ಬಯ್ಯುತ್ತಿರಲಿಲ್ಲ. ಅದಕ್ಕೇ ಅವುಗಳಲ್ಲಿ ಒಂದೂ ನೆನಪಿಲ್ಲ. ಸಬೀರಾಬಿಯವು ಇವತ್ತಿಗೂ ಬಾಯಲ್ಲಿವೆ.

ಹಾಡು ಕಟ್ಟುವವರೂ ಅವರೇ, ರಾಗ ಹಾಕುವವರೂ ಅವರೇ, ಹಾಡುವವರೂ ಅವರೇ. ಸಿನಿಮಾ ಮಟ್ಟು ಮುಟ್ಟುತ್ತಿರಲಿಲ್ಲ. ಒಂದು ಮನೆಯ ಹಾಡನ್ನು ಇನ್ನೊಂದು ಮನೆಗೆ ಒಯ್ಯುತ್ತಿರಲಿಲ್ಲ. ಮದುವೆಗೆ ಮುಂಚೆ, ಗಂಡಿನ ಮನೆಯ ಹತ್ತಿರ ಯಾವ ಹಿಟ್ಟಿನ ಗಿರಣಿ ಇದೆಯೋ ಅಲ್ಲಿಗೆ ಗೋಧಿ ಹೊತ್ತುಕೊಂಡು ಹೋಗುತ್ತಿದ್ದರು. ಗೋಧಿ ಹಿಟ್ಟಾಗುವಷ್ಟರಲ್ಲಿ ಆ ಮನೆಯ ಸುದ್ದಿಯೂ ನುಣ್ಣಗಾಗಿ ಕೈಗೆ ಬರುತ್ತಿತ್ತು. ಯಾರು ಗೊರಕೆ ಹೊಡೆಯುತ್ತಾರೆ, ಯಾರು ತಲೆಗೆ ಬಣ್ಣ ಹಚ್ಚುತ್ತಾರೆ, ಯಾರ ಮನೆಯ ಚಹಾದಲ್ಲಿ ಹಾಲು ಬರೀ ವದಂತಿ. ಆಮೇಲೆ ಅಕ್ಕಿ ತೊಳೆಯುತ್ತಾ ತೊಳೆಯುತ್ತಾ ಹಾಡು.

ಗಂಡ ಮಜೀದ್ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಅಟೆಂಡರ್. ದಿನವೆಲ್ಲ ಮೂಕಪ್ರಾಣಿಗಳ ನಡುವೆ ಇದ್ದು ಮನೆಗೂ ಅದೇ ಭಾಷೆ ತರುತ್ತಿದ್ದರು. ಮಾತಿನ ಕೊರತೆ ತುಂಬಲು ಪಕ್ಕದ ಮನೆಯಲ್ಲಿ ಬಾದಾಮಿ ಕಡೆಯ ಚನ್ನಕ್ಕ ಇದ್ದರು. ಸಬೀರಾಬಿ ಹೊಸ ಹಾಡು ಮೊದಲು ಹಾಡುತ್ತಿದ್ದುದು ಅವರ ಮುಂದೆ. ಚನ್ನಕ್ಕ ತಟ್ಟೆಯ ಮೇಲೆ ಚಮಚದಿಂದ ತಾಳ ಹಾಕುತ್ತಾ, "ಇನ್ನೂ ಖಾರ ಬೇಕ್ರಿ ಸಬೀರಾಬಿ, ಸಪ್ಪಗೈತಿ" ಎನ್ನುತ್ತಿದ್ದರು.

ಎಂಬತ್ತರ ಹೊತ್ತಿಗೆ ಕ್ಯಾಸೆಟ್ ಬಂತು. ಯಶವಂತಪುರದ ಅಂಗಡಿಯ ಕಾಶಿನಾಥ ಮನೆಗೇ ಬಂದ.

"ಒಂದು ಕ್ಯಾಸೆಟ್ ಮಾಡೋಣಮ್ಮ. ಎಲ್ಲಾ ಮದುವೇಲೂ ಹಾಕ್ಕೋತಾರೆ."

"ಹಾಡಲ್ಲಿ ಹೆಸರುಗಳು ಬರ್ತವಲ್ಲ, ಅದಕ್ಕೇನ್ ಮಾಡ್ತೀರಿ?"

"ಯಾವ್ದೋ ಒಂದು ಹೆಸರು ಹಾಕಿದ್ರಾಯ್ತು ಬಿಡಿ."

"ಹಂಗಾದ್ರೆ ನಿಮ್ ಹೆಸರೇ ಹಾಕೋಣ. ಊರೆಲ್ಲಾ ನಿಮ್ಮನ್ನೇ ಬಯ್ಲಿ."

ಕಾಶಿನಾಥ ಚಹಾ ಮುಗಿಸಿ ಎದ್ದ. ಹೀಗೆ ಸಬೀರಾಬಿ ಕ್ಯಾಸೆಟ್ಟಿನ ಎ ಸೈಡಿಗೂ ಸೇರಲಿಲ್ಲ, ಬಿ ಸೈಡಿಗೂ ಸೇರಲಿಲ್ಲ. ತಮ್ಮ ಸೈಡಿನಲ್ಲೇ ಉಳಿದರು.

ಆದರೆ ಆ ದನಿಗೆ ಅವರ ಮನೆಯಲ್ಲೇ ಒಂದು ಬೆಲೆ ತೆರಬೇಕಾಯಿತು. ಮಗಳು ಮಲ್ಕಾಗೆ ಬಂದ ಎರಡು ಸಂಬಂಧಗಳು ವಾಪಸು ಹೋದವು. "ತಾಯಿ ಕಂಡವರ ಮದುವೇಲಿ ಕಂಡವರನ್ನ ಬಯ್ಕೊಂಡು ಹಾಡ್ತಾಳೆ, ಮಗಳು ಇನ್ನೆಂಗೋ" ಎಂದರಂತೆ. ಸಬೀರಾಬಿ ಡೋಲಕ್ಕನ್ನು ಅಟ್ಟಕ್ಕೆ ಹಾಕಿದರು.

ಎಂಬತ್ತೈದರಲ್ಲಿ ಮೂರನೆಯ ಸಂಬಂಧ ಬಂತು. ಹುಡುಗ ಗಯಾಸ್, ಯಶವಂತಪುರದಲ್ಲಿ ಲೇತ್ ಕೆಲಸ. ಯಾವುದೋ ಮದುವೆಯಲ್ಲಿ ಮಲ್ಕಾಳನ್ನು ನೋಡಿದ್ದ. ಮಲ್ಕಾ ಕೂಡ ನೋಡಿದ್ದಳು ಎಂಬುದು ಯಾರೂ ಹೇಳದೆ ತಿಳಿಯಿತು. ಅವನ ಹೆಸರು ಬಂದರೆ ಸಾಕು, ಒಲೆಯ ಮೇಲಿಲ್ಲದ ಹಾಲು ಉಕ್ಕಿತೇನೋ ಎಂದು ಒಳಗೆ ಓಡುತ್ತಿದ್ದಳು.

"ಹುಡುಗನ ತಂದೆ ಯಾರು?" ಎಂದು ಸಬೀರಾಬಿ ಕೇಳಿದರು.

"ತಣಿಸಂದ್ರದ ಸೌದೆ ಡಿಪೋ ಗುಲಾಮ್ ರಸೂಲ್" ಎಂದರು ಸಂಬಂಧ ತಂದವರು.

ಸಬೀರಾಬಿ ಅಲ್ಲೇ ಕೂತುಬಿಟ್ಟರು. ವರ್ಷಗಳ ಹಿಂದೆ ಯಲಹಂಕದ ಒಂದು ಮದುವೆಯಲ್ಲಿ ಇದೇ ಗುಲಾಮ್ ರಸೂಲ್ ಗಂಡಿನ ಚಿಕ್ಕಪ್ಪನಾಗಿ ಬಂದಿದ್ದರು. ಅವತ್ತು ಸಬೀರಾಬಿ ಅವರ ಹೊಟ್ಟೆಯ ಮೇಲೆ ಕಟ್ಟಿದ ಹಾಡು ಹೀಗಿತ್ತು:

"ಸಮ್ಧೀ ಆಯೇ ಸ್ಕೂಟರ್ ಪೋ,
ಪೇಟ್ ಆಯಾ ಲಾರೀ ಪೋ."

ಬೀಗರು ಬಂದರು ಸ್ಕೂಟರಿನಲ್ಲಿ, ಹೊಟ್ಟೆ ಬಂತು ಹಿಂದಿನ ಲಾರಿಯಲ್ಲಿ. ಚಪ್ಪರವೆಲ್ಲ ನಕ್ಕಿತ್ತು. ಆದರೆ ಪರದೆಯ ಸಂದಿಯಿಂದ ಸಬೀರಾಬಿ ಕಂಡಿದ್ದರು: ಗುಲಾಮ್ ರಸೂಲ್ ಹಾಡಿನ ನಡುವೆಯೇ ಎದ್ದು, ಟೋಪಿ ಸರಿಮಾಡಿಕೊಂಡು, ಸರಸರ ಹೊರಗೆ ಹೋದರು. ಸಬೀರಾಬಿಯ ಹಾಡಿಗೆ ಎದ್ದು ಹೋದವರು ಇವರೊಬ್ಬರೇ.

"ಅವರು ನನ್ನ ಮುಖ ನೋಡಿಲ್ಲ, ಪರದೆ ಇತ್ತು" ಎಂದರು ಸಬೀರಾಬಿ, ಚನ್ನಕ್ಕನ ಮುಂದೆ. "ಆದ್ರೆ ಈ ದನಿ? ಒಂದ್ಸಲ ಬಾಯಿ ಬಿಟ್ರೆ ಗುರುತು ಹಿಡೀತಾರೆ. ಮಲ್ಕಾ ಗತಿ ಏನು ಚನ್ನಕ್ಕ?"

"ಹಂಗಾರ ಬಾಯಿ ಬಿಡಬ್ಯಾಡ್ರಿ" ಎಂದರು ಚನ್ನಕ್ಕ. ಅವರೇ ಇಂಥ ಮಾತು ಹೇಳಿದ್ದು ಸೋಜಿಗ.

ಬೀಗರು ಬಂದರೆ ಬಾಯಿಗೆ ಬೀಗ. ಮಾತುಕತೆಗೆ ಕೂತ ದಿನ ಸಬೀರಾಬಿ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಪರದೆಯ ಹಿಂದಿನಿಂದ ಬರೀ ಕೆಮ್ಮಿದರು. ಮಜೀದ್ "ಗಂಟಲುನೋವು" ಎಂದರು. ಅಷ್ಟು ಉದ್ದದ ಮಾತನ್ನು ಅವರು ಬಹಳ ದಿನಗಳಿಂದ ಆಡಿರಲಿಲ್ಲ. ಗುಲಾಮ್ ರಸೂಲ್ ಮರುಕಪಟ್ಟು ಮಾರನೆಯ ದಿನವೇ ಒಂದು ಸೀಸೆ ಜೇನು ಕಳಿಸಿದರು. ನಿಶ್ಚಯದ ದಿನವೂ ಗಂಟಲುನೋವು, ಇನ್ನೊಂದು ಸೀಸೆ. ಬಟ್ಟೆ ತರುವ ದಿನವೂ ಅದೇ. ಸಬೀರಾಬಿಯ ಅಡುಗೆಮನೆಯ ಗೂಡಿನಲ್ಲಿ ಜೇನು ತುಂಬಿತು, ಎದೆಯಲ್ಲಿ ಜೇನುಹುಳು.

ಮೆಹಂದಿಯ ದಿನ ಬಂತು. ಮನೆಯ ಮುಂದೆ ಶಾಮಿಯಾನ. ಮಧ್ಯಾಹ್ನ ಗಂಡಿನವರು ಮೆಹಂದಿ ತಟ್ಟೆ ಹೊತ್ತು ಬಂದರು. ಗುಲಾಮ್ ರಸೂಲ್ ಹೊಸ ಶೇರ್ವಾನಿ ತೊಟ್ಟು, ಮೀಸೆ ತೀಡಿ, ಪರದೆಗೆ ತೀರಾ ಹತ್ತಿರದ ಕುರ್ಚಿ ಹಿಡಿದು ಕೂತರು. ಒಳಗೆ ಮಲ್ಕಾಳ ಕೈಗೆ ಮೆಹಂದಿ ಹತ್ತುತ್ತಿತ್ತು. ಸಬೀರಾಬಿಯ ಕಟ್ಟಪ್ಪಣೆಯಂತೆ ಯಾರೂ ಹಾಡಲಿಲ್ಲ. ಬಾಡಿಗೆಯ ಟೇಪ್ ರೆಕಾರ್ಡರಿನಲ್ಲಿ ಸಿನಿಮಾ ಹಾಡು ಓಡುತ್ತಿತ್ತು.

ಶರಬತ್ತು ಬಂತು. ಗುಲಾಮ್ ರಸೂಲ್ ಮುಟ್ಟಲಿಲ್ಲ. ಟೇಪು ಒಂದು ಸೈಡು ಮುಗಿದು ಇನ್ನೊಂದು ಸೈಡು ಶುರುವಾಯಿತು. ಅವರು ಎದ್ದರು.

"ಮಜೀದ್ ಭಾಯ್, ಅದನ್ನ ಆರಿಸಿ."

ಟೇಪು ನಿಂತಿತು. ಮಜೀದರ ಉಸಿರೂ ನಿಂತಿತು.

"ನಾವೇನು ತಪ್ಪು ಮಾಡಿದ್ವಿ?" ಎಂದರು ಗುಲಾಮ್ ರಸೂಲ್. ಈ ಮನೆಗಳ ಮಾತೆಲ್ಲ ನಡೆದದ್ದು ದಖನಿ ಉರ್ದುವಿನಲ್ಲಿ, ಅದನ್ನು ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ಇಳಿಸುವಾಗ ಒಂದಿಷ್ಟು ಸೋರಿರಬಹುದು. "ಬಂದು ಇಷ್ಟು ಹೊತ್ತಾಯ್ತು. ಒಂದು ಬೈಗುಳ ಇಲ್ಲ! ಬಯ್ಯೋದು ನಮ್ಮೋರು ಅಂದ್ಕೊಂಡೋರನ್ನ. ನಾವೇನು ಲೈಟ್ ಬಿಲ್ ಕೊಡೋಕೆ ಬಂದೋರಾ? ನಮ್ಮನ್ನ ಬೀಗರು ಅಂತ ಒಪ್ಪಿದ್ರೆ ಹಾಡಿ. ಇಲ್ದಿದ್ರೆ ಹೇಳ್ಬಿಡಿ, ತಟ್ಟೆ ವಾಪಸ್ ತಗೊಂಡು ಹೋಗ್ತೀವಿ."

ಒಳಗೆ ಮಲ್ಕಾ ತಾಯಿಯ ಮುಖ ನೋಡಿದಳು. ಎರಡೂ ಕೈಗೆ ಹಸಿ ಮೆಹಂದಿ, ಕಣ್ಣು ಒರೆಸಿಕೊಳ್ಳಲೂ ಆಗದು. ಹಾಡಿದರೆ ಗುರುತು ಸಿಗುತ್ತದೆ, ಹಾಡದಿದ್ದರೆ ತಟ್ಟೆ ಹೋಗುತ್ತದೆ.

"ಅಮ್ಮೀ" ಎಂದಳು, ಅಷ್ಟೆ.

"ಏನ್ ನೋಡ್ತೀರಿ? ನಮ್ ಕಡೀನೂ ಬೀಗರಿಗೆ ಬೈದೇ ಊಟಕ್ಕ ಹಾಕೋದು. ಹಾಡ್ರಿ!" ಎಂದು ಚನ್ನಕ್ಕ ಎದ್ದು, ಅಟ್ಟದಿಂದ ಡೋಲಕ್ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಗೆಳತಿಯ ಮಡಿಲಿಗೆ ಇಟ್ಟರು.

ಸಬೀರಾಬಿ ಮಫ್ಲರ್ ಬಿಚ್ಚಿದರು. ಅಕ್ಕಿ ತೊಳೆಯುವಷ್ಟು ಪುರಸೊತ್ತು ಇರಲಿಲ್ಲ. ಬಾಯಿಗೆ ಬಂದದ್ದೇ ಹಾಡು. ಸೌದೆ ತೂಗುವ ತಕ್ಕಡಿಯ ಮೇಲೆ ಬೀಗರು ಕೂತರಂತೆ, ತಕ್ಕಡಿ ರಜೆ ಬೇಕೆಂದು ಅರ್ಜಿ ಬರೆದು ಮನೆಗೆ ಹೊರಟಿತಂತೆ.

ಯಾರೂ ನಗಲಿಲ್ಲ. ಎಲ್ಲರೂ ಗುಲಾಮ್ ರಸೂಲ್ ಮುಖ ನೋಡುತ್ತಿದ್ದರು. ಅವರು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳುತ್ತಿದ್ದರು.

"ಅರೆ! ಯೇ ತೋ ವೋಇಚ್ ಆವಾಜ್!" ಎಂದು ಕೂಗಿದರು. ಅದೇ ದನಿ. "ಯಲಹಂಕದ್ದು! ಸ್ಕೂಟರ್ ಪೋ, ಲಾರೀ ಪೋ!"

ಡೋಲಕ್ ನಿಂತಿತು. ಪರದೆಯ ಹಿಂದಿನಿಂದ ಸಬೀರಾಬಿಯ ಸಣ್ಣ ದನಿ ಬಂತು: "ಮಾಫ್ ಮಾಡಿ ಭಾಯ್. ಅವತ್ತು ನೀವು ಬೇಜಾರಾಗಿ ಎದ್ದು ಹೋದ್ರಿ..."

"ಬೇಜಾರಾ? ನಮ್ಮಣ್ಣ ಹೊರಗೆ ಬೀಡಿ ಸೇದ್ತಿದ್ದ, ಕೇಳಿಸೋಣ ಅಂತ ಕರ್ಕೊಂಡು ಬರೋಕೆ ಓಡಿದೆ. ವಾಪಸ್ ಬರೋಷ್ಟರಲ್ಲಿ ನೀವು ಬೇರೆಯೋರನ್ನ ಬಯ್ಯೋಕೆ ಶುರು ಮಾಡ್ಬಿಟ್ಟಿದ್ರಿ! ಡಿಪೋದಲ್ಲಿ ಆ ಹಾಡು ಹೇಳದ ಆಳಿಲ್ಲ. ಹಾಡಿದೋರು ಯಾರು ಅಂತ ಎಷ್ಟು ಮದುವೇಲಿ ವಿಚಾರಿಸಿದೀನಿ ಗೊತ್ತಾ?" ಎಂದು ಗುಲಾಮ್ ರಸೂಲ್ ಹೊಟ್ಟೆಯ ಮೇಲೆ ತಾಳ ಹಾಕುತ್ತಾ ಆ ಹಾಡನ್ನು ತಾವೇ ಎತ್ತಿಕೊಂಡರು. ರಾಗ ಎಲ್ಲೋ, ಅವರೆಲ್ಲೋ. ಬೀಗರು ಬೀಗಿದರು.

ಪರದೆಯ ಹಿಂದೆ ಸಬೀರಾಬಿ ಅತ್ತರೋ ನಕ್ಕರೋ ಚನ್ನಕ್ಕನಿಗೂ ತಿಳಿಯಲಿಲ್ಲ. ತಿಂಗಳುಗಟ್ಟಲೆ ಒಳಗೇ ಕಟ್ಟಿಕೊಂಡಿದ್ದ ಉಸಿರೆಲ್ಲ ಒಮ್ಮೆಗೇ ಹೊರಬಂದು, ಹಾಡಾಯಿತು. ಗಂಡಿನ ಸೋದರಮಾವ, ಸೋದರತ್ತೆ, ಡಿಪೋದ ಎತ್ತಿನ ಗಾಡಿ, ಯಾರನ್ನೂ ಬಿಡಲಿಲ್ಲ. ಮಲ್ಕಾ ನಗುತ್ತಾ ಅಲ್ಲಾಡಿ ಅಂಗೈಯ ಮೆಹಂದಿ ಕೆಡಿಸಿಕೊಂಡಳು.

ಹೊರಡುವಾಗ ಗುಲಾಮ್ ರಸೂಲ್ ಪರದೆಯ ಬಳಿ ನಿಂತರು.

"ಒಂದ್ ಮಾತು ಸಮ್ಧನ್. ನಾನು ಕಳಿಸಿದ ಜೇನು ಭಾರೀ ಕೆಲಸ ಮಾಡ್ತು, ಅಲ್ವಾ?"

ಸಬೀರಾಬಿ ಏನೋ ಹೇಳಲು ಹೋಗಿ ನಿಜವಾಗಿಯೂ ಕೆಮ್ಮಿದರು.

"ಇನ್ನೊಂದ್ ಸೀಸೆ ಕಳಿಸಿ" ಎಂದರು ಮಜೀದ್, ತಾವಾಗಿಯೇ.