ಬೀರಲಿಂಗನ ಗರ್ಜನೆಯೂ ಬುರ್ಹಾನುದ್ದೀನನ ಹಗ್ಗವೂ

ಕಮಲಾಪುರದ ಬೀರಲಿಂಗ ಬೇವಿನ ಮರ ಏರಿ, ಮರ ಕೊಯ್ಯುವ ಪೆಟ್ರೋಲ್ ಮಷೀನಿನ ದಾರ ಎಳೆದನೆಂದರೆ ಬ್ರಹ್ಮಪುರದ ಓಣಿಯಲ್ಲಿ ಕುಕ್ಕರಿನ ಸೀಟಿಯೂ ಕೇಳುತ್ತಿರಲಿಲ್ಲ. ನಾಯಿಗಳು ರಾಜ್ಯ ಬಿಟ್ಟು ಓಡುತ್ತಿದ್ದವು. ಹೆಂಗಸರು ಮಾಳಿಗೆ ಏರುತ್ತಿದ್ದರು, ಗಂಡಸರು ಸಲಹೆ ಕೊಡಲು ನೆರೆಯುತ್ತಿದ್ದರು. ಒಂದು ಸಲಹೆಯೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಮಷೀನಿನ ದೊಡ್ಡ ಗುಣವೇ ಅದು ಎಂದು ಅವನು ನಂಬಿದ್ದ. ಕಲಬುರಗಿಯ ಮನೆಗಳ ಮೇಲೆ ಒರಗಿದ ಟೊಂಗೆಗಳನ್ನು ಇಳಿಸುವುದು ಅವನ ಕಸುಬು. ಅವನ ಪ್ರಕಾರ ದಿಗ್ವಿಜಯ.

ಈ ದಿಗ್ವಿಜಯಕ್ಕೆ ಒಬ್ಬನೇ ಸೈನಿಕ, ಶಹಾಬಜಾರದ ಬುರ್ಹಾನುದ್ದೀನ್. ಮೇಲೆ ಬೀರಲಿಂಗ ಕೊಯ್ದರೆ, ಕೆಳಗೆ ಇವನು ಟೊಂಗೆಗೆ ಕಟ್ಟಿದ ಹಗ್ಗ ಹಿಡಿದು ಮೆಲ್ಲಗೆ ಇಳಿಸುತ್ತಿದ್ದ. ಆ ಗದ್ದಲದಲ್ಲಿ ಮಾತು ನಡೆಯದು. ಟಾವೆಲ್ ಬೀಸಿದರೆ ಹಗ್ಗ ಸಡಿಲಿಸಬೇಕೆಂದು ಒಪ್ಪಂದ. ಹೋದ ಬೇಸಿಗೆಯಲ್ಲಿ ಬೀರಲಿಂಗ ಟಾವೆಲ್‌ನಿಂದ ಬೆವರು ಒರೆಸಿಕೊಂಡು ಕೊಡವಿದ. ಬುರ್ಹಾನುದ್ದೀನ್ ಹಗ್ಗ ಸಡಿಲಿಸಿದ. ಟೊಂಗೆ ಅವನ ಹೆಗಲು ಸವರಿಕೊಂಡು ಹೋಗಿ ಪಕ್ಕದ ನೀರಿನ ಡ್ರಮ್ಮನ್ನು ಅಪ್ಪಚ್ಚಿ ಮಾಡಿತು.

"ಹೆಂಗೂ ನಿನ್ನ ಮಷೀನು ಮುದುಕ ಆಗ್ಯದ, ಹೊಸಾದು ತಗೊ" ಎಂದ ಬುರ್ಹಾನುದ್ದೀನ್. "ಆದ್ರ ಮತ್ತ ಪೆಟ್ರೋಲಿಂದೇ ತಗೊಂಡಿ ಅಂದ್ರ, ಹಗ್ಗ ಹಿಡಿಯಾಂವನ್ನೂ ಹೊಸಬನ್ನ ಹುಡುಕು."

"ಬ್ಯಾಟರಿದು ಹುಡುಗುರ ಆಟಿಗಿ ಸಾಮಾನ, ಭಾಯ್."

"ನನ್ನ ತಲಿ ಆಟಿಗಿ ಸಾಮಾನ ಅಲ್ಲಲ್ಲ?"

ಕಮಲಾಪುರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕಸ್ತೂರಿ ಅಹವಾಲು ಕೇಳಿದಳು. "ಹಗ್ಗ ಹಿಡಿಯಾಂವ ಹೋದ್ರ ನೀವು ಮರದಾಗ ಕುಂತು ಏನ್ ಮಾಡ್ತೀರಿ, ಗೂಡ ಕಟ್ತೀರೇನು?"

ಮರುದಿನ ಇಬ್ಬರೂ ನಗರದ ಮಷೀನಿನ ಅಂಗಡಿಗೆ ಹೋದರು. ಮಾಲೀಕ ಅಮರನಾಥ ಎರಡನ್ನೂ ಹಿತ್ತಲಿಗೆ ತಂದು, ಕೊಯ್ದು ನೋಡಲು ಒಂದು ದಿಮ್ಮಿ ಇಟ್ಟ. ಪೆಟ್ರೋಲಿನದು ಎಂಥ ದಪ್ಪ ಬೊಡ್ಡೆಗೂ ಜಗ್ಗದು ಎಂದ. ಬ್ಯಾಟರಿಯದು ಹಗುರ, ಹೊಗೆ ಇಲ್ಲ, ಗುಂಡಿ ಒತ್ತಿದರೆ ಸಾಕು. ಆದರೆ ನಡುನಡುವೆ ಚಾರ್ಜಿಗೆ ಇಡಬೇಕು.

ಪೆಟ್ರೋಲಿನದು ಗರ್ಜಿಸಿತು. ಬೀರಲಿಂಗನ ಎದೆ ಉಬ್ಬಿತು. ಬಾಗಿಲಲ್ಲಿ ನಿಂತ ಬುರ್ಹಾನುದ್ದೀನನ ತುಟಿಗಳು ಅಲ್ಲಾಡುತ್ತಿದ್ದವು. ಆಮೇಲೆ ಬೀರಲಿಂಗ ಬ್ಯಾಟರಿಯದರ ಗುಂಡಿ ಒತ್ತಿ ದಿಮ್ಮಿಗೆ ಇಟ್ಟ.

"ನಮ್ಮನಿ ಮಿಕ್ಸರ್ ಇದಕಿಂತ ಜೋರ್ ಚೀರ್ತದ."

"ಎಡಗಾಲ ಹಿಂದ ತಗಿ, ಬೀರಪ್ಪ."

ಕಾಲು ತೆಗೆದ. ದಿಮ್ಮಿಯ ತುಂಡು ಕಾಲಿದ್ದ ಜಾಗಕ್ಕೇ ಬಿತ್ತು. ಬೀರಲಿಂಗ ಮಷೀನು ನಿಲ್ಲಿಸಿ ಬಾಗಿಲ ಕಡೆ ತಿರುಗಿದ.

"ಆಗಳೇ ಪೆಟ್ರೋಲಿಂದು ಓಡ್ಸುವಾಗ ಏನೋ ಅಂದಿಯಲ್ಲ?"

"ಇದೇ ಮಾತು. ಮೂರ್ ಸಲ ಅಂದೆ."

"ಮತ್ತ ಇಷ್ಟ್ ವರ್ಷ ಮರದ ಕೆಳಗ ನಿಂತು ಏನಂತಿದ್ದಿ?"

"ಅದನ್ನ ಮಂದಿ ಮುಂದ ಹೇಳಬಾರ್ದು."

ದಪ್ಪ ಬೊಡ್ಡೆಗಳ ಕೆಲಸ ಬೇರೆಯವರಿಗೆ ಹೋಗಲಿ ಎಂದು ಬೀರಲಿಂಗ ಸಾಮ್ರಾಜ್ಯದ ಒಂದು ಭಾಗ ಬಿಟ್ಟುಕೊಟ್ಟ. ಬ್ಯಾಟರಿ ಮಷೀನು ಮನೆಗೆ ಬಂತು.

ಮೊದಲ ಯುದ್ಧ ಕುಸನೂರಿನಲ್ಲಿ, ಪಂಚಶೀಲಾ ಟೀಚರ ಮನೆಯ ಬೇವಿನ ಮೇಲೆ. ನಾಯಿ ಮಲಗಿದಲ್ಲೇ ಆಕಳಿಸಿತು. ಮಾಳಿಗೆಗಳು ಖಾಲಿ. ಟೀಚರು ಹೊರಗೆ ಬಂದು, "ಇನ್ನಾ ಚಾಲೂ ಮಾಡಿಲ್ಲೇನ್ರಿ?" ಎಂದರು.

"ಒಂದು ಟೊಂಗಿ ನಿಮ್ಮ ಹಿಂದೇ ಬಿದ್ದದ ನೋಡ್ರಿ ಅಕ್ಕೋರ" ಎಂದ ಬೀರಲಿಂಗ, ಮೀಸೆ ಕೆಳಗಾಗಿ.

ಉಳಿದ ಟೊಂಗೆಗಳಲ್ಲಿ ದೊಡ್ಡದು ಅಡುಗೆಮನೆಯ ತಗಡಿನ ಮೇಲೇ ಚಾಚಿತ್ತು.

"ಭಾಯ್, ಬಿಗಿ ಹಿಡಿ. ಈಗ ಸ್ವಲ್ಪ ಬಿಡು."

"ಬಿಟ್ಟೆ. ನೀ ಸೊಂಟದ ಹಗ್ಗ ನೋಡ್ಕೊ, ಸರದದ."

"ಹಾಂ, ಬಿಗಿ ಮಾಡ್ದೆ. ಇನ್ನಷ್ಟು ಬಿಡು. ತಡಿ."

"ತಡದೀನಿ. ಗೋಡಿ ದಾಟ್ಲಿ."

ತಗಡಿಗೆ ಗೀರೂ ಬೀಳದಂತೆ ಟೊಂಗೆ, ನಿದ್ದೆಹೋದ ಕೂಸನ್ನು ಹಾಸಿಗೆಗೆ ಇಳಿಸಿದ ಹಾಗೆ, ಅಂಗಳಕ್ಕೆ ಇಳಿಯಿತು. ಅಷ್ಟರಲ್ಲಿ ಬ್ಯಾಟರಿಯೂ ಮುಗಿಯಿತು. ಅದನ್ನು ಟೀಚರ ಮನೆಯಲ್ಲಿ ಚಾರ್ಜಿಗೆ ಹಾಕಿ, ಅವರು ಕೊಟ್ಟ ಚಹಾವನ್ನು ಮಹಾವೀರರಿಬ್ಬರೂ ನೆರಳಲ್ಲಿ ಕುಳಿತು ಕುಡಿದರು.

ಬ್ಯಾಟರಿ ತುಂಬಿದ ಮೇಲೆ ಬುರ್ಹಾನುದ್ದೀನ್ ಎದ್ದ. ಹಗ್ಗದ ತುದಿಯನ್ನು ಉಳಿದ ಟೊಂಗೆಯ ಮೇಲಕ್ಕೆ ಎಸೆದ.

"ಹತ್ತು, ಬೀರಪ್ಪ. ನಾಳಿ ಯಾ ಓಣಿ ಅಂತ ಮ್ಯಾಲಿಂದೇ ಹೇಳು, ಕೇಳಸ್ತದ."