ಗೌರಮ್ಮ ನೀವಿದ ಕಾಲು

ಮಕ್ಕಳಿಗೆ ಎರೆಯುವುದರಲ್ಲಿ ಗೌರಮ್ಮನದು ಎತ್ತಿದ ಕೈ. ಮಗ ಗಿರಿಧರನಿಗೆ ವಡೋದರಕ್ಕೆ ವರ್ಗವಾದಾಗ ತುಮಕೂರಿನಿಂದ ಜೊತೆಗೆ ಬಂದವರು, ಮಂಜಲ್‌ಪುರ ಬಡಾವಣೆಯ ಕನ್ನಡದವರ ಮನೆಗಳಲ್ಲಿ ಯಾರಿಗೆ ಹೆರಿಗೆಯಾದರೂ ಸೀರೆ ಎತ್ತಿಕಟ್ಟಿ ಬಚ್ಚಲಿಗೆ ಇಳಿಯುತ್ತಿದ್ದರು. ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಕೈಕಾಲು ಎಳೆದು ಬಿಸಿನೀರು ಹೊಯ್ದರೆ ಎಂಥ ಹಟಮಾರಿಯೂ ನಿದ್ದೆ ಹೋಗಬೇಕು. ಹೊಗಳಿಕೆ ಕೇಳಿ ಕೇಳಿ ಸ್ವಲ್ಪ ಉಬ್ಬಿದ್ದೂ ಉಂಟು.

ಸೊಸೆ ವಿಂಧ್ಯಾ ಬಾಣಂತಿ, ಬಗ್ಗಬಾರದೆಂದು ಮೊಮ್ಮಗಳ ಬಟ್ಟೆ ಬದಲಿಸುವುದೂ ಅವರದೇ ಕೆಲಸವಾಗಿತ್ತು. ಬಲಗಾಲು ಮುಟ್ಟಿದರೆ ಕೂಸು ಚೀರುವುದನ್ನು ಮೊದಲು ಕಂಡವರೂ ಅವರೇ. ಜ್ವರವಿರಲಿಲ್ಲ. ಉಳುಕಿರಬೇಕು, ಬಾಣಂತಿಯನ್ನು ಯಾಕೆ ಹೆದರಿಸುವುದು ಎಂದು ಯಾರಿಗೂ ಹೇಳದೆ ದಿನಾ ನೀವಿದರು. ಕೊನೆಗೆ ಕೂಸು ಹಾಲನ್ನೂ ಬಿಟ್ಟಿತು. ಆಗ ವಿಂಧ್ಯಾ ನೋಡಿದಳು: ಎಡಗಾಲು ಒದೆಯುತ್ತಿತ್ತು, ಬಲಗಾಲು ಅಲುಗುತ್ತಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ತೊಡೆಯ ಮೂಳೆಗೆ ಸೋಂಕು ತಗುಲಿ ಸೊಂಟದ ಕೀಲಿನಲ್ಲಿ ಕೀವು ತುಂಬಿತ್ತು. ಅಪರೂಪದ ಕಾಯಿಲೆ, ಇಷ್ಟು ಸಣ್ಣ ಮಕ್ಕಳಿಗೆ ಜ್ವರ ಬರದೆಯೂ ಇರಬಹುದು ಎಂದರು. ಕಾಲು ಆಡಿಸುವುದು ಯಾವಾಗ ನಿಂತಿತೆಂದು ಹಿಂದಿಯಲ್ಲಿ ಕೇಳಿದರು.

"ನಿನ್ನೆಯಿಂದ," ಎಂದಳು ವಿಂಧ್ಯಾ.

ಹಾಗಾದರೆ ಸಂಜೆ ಆಪರೇಷನ್ ಎಂದು ಡಾಕ್ಟರು ಏಳುತ್ತಿದ್ದರು. ಗೌರಮ್ಮ ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು.

"ನಿನ್ನೆಯಿಂದಲ್ಲ ಕಣೋ ಗಿರಿ. ವಾರದಿಂದ ಆ ಕಾಲು ಮುಟ್ಟಿದ್ರೆ ಚೀರ್ತಿದ್ಲು. ಉಳುಕು ಅಂತ ನಾನೇ ಎಳೆದು ನೀವ್ತಿದ್ದೆ. ಅವರಿಗೆ ಹೇಳು."

ಗಿರಿಧರ ಹೇಳಿದ. ಡಾಕ್ಟರು ಬೈಯಲಿಲ್ಲ, ವಾರವಾಗಿದ್ದರೆ ಸಂಜೆಯವರೆಗೆ ಕಾಯುವಂತಿಲ್ಲ ಎಂದು ಫೋನೆತ್ತಿ ಆಪರೇಷನ್ ಥಿಯೇಟರ್ ಈಗಲೇ ಸಿದ್ಧಮಾಡಿ ಎಂದರು. ವಿಂಧ್ಯಾ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ.

ಕೀವು ತೆಗೆದರು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟರು. ಜೀವಕ್ಕೆ ಭಯವಿಲ್ಲ, ಕಾಲು ಸಮನಾಗಿ ಬೆಳೆಯುತ್ತದೋ ಇಲ್ಲವೋ ನಡೆಯುವ ಕಾಲಕ್ಕೇ ಗೊತ್ತಾಗಬೇಕು ಎಂದು ಮನೆಗೆ ಕಳಿಸಿದರು.

"ಇನ್ಮೇಲೆ ನಾನೇ ಸ್ನಾನ ಮಾಡಿಸ್ತೀನಿ ಅತ್ತೆ," ಎಂದಳು ವಿಂಧ್ಯಾ. ಗೌರಮ್ಮ ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲುವಂತಾಯಿತು. ಒಳಗೆ ಕರೆಯುವವರಿಲ್ಲ.

ಒಂದು ದಿನ ಒಳಗಿನಿಂದ ದನಿ ಬಂತು. "ಅತ್ತೆ, ಇಲ್ಲಿ ಬನ್ನಿ. ಬಲಗಾಲು ಆಡಿಸ್ತಿದಾಳಾ, ಇಲ್ಲ ನನಗೇ ಹಾಗೆ ಕಾಣ್ತಿದೆಯಾ?"

ಗೌರಮ್ಮ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಕೈ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡರು.

"ಆಡಿಸ್ತಿದಾಳೆ," ಎಂದರು. "ಎಡಗಾಲಿನಷ್ಟಿಲ್ಲ ಕಣಮ್ಮ."