ದೊಡ್ಡವ್ವನ ಬಾಣಲೆ

ದೊಡ್ಡವ್ವನ ಬಲಗೈ ತುಂಬ, ಮಣಿಕಟ್ಟಿನಿಂದ ಮೊಣಕೈವರೆಗೆ, ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳಿದ್ದವು, ಎಳ್ಳು ಚೆಲ್ಲಿದ ಹಾಗೆ. ಹೆಬ್ಬೆರಳಿನ ಬುಡದಲ್ಲಿ ಮಾತ್ರ ಒಂದು ದೊಡ್ಡ ಸುಟ್ಟ ಕಲೆ. ಅದನ್ನು ತೋರಿಸಿ, "ಇದು ಎಣ್ಣಿ ಕೊಟ್ಟಿದ್ದಲ್ಲ, ನನ್ನ ಮೈದುನ ಕೊಟ್ಟಿದ್ದು" ಅನ್ನುತ್ತಿದ್ದಳು.

ಆಕೆ ನನ್ನ ಅವ್ವನ ಅಕ್ಕ. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಬೇವಿನ ಮರದ ಕೆಳಗೆ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾರುತ್ತಿದ್ದಳು. ಮೆಣಸಿನಕಾಯಿಯ ಹೊಟ್ಟೆ ಸೀಳಿ, ಓಮ, ಉಪ್ಪು, ಹುಣಸೆಹಣ್ಣು ಅರೆದು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದಳು. ಮಂಡಕ್ಕಿಯ ಮೇಲೆ ಪುಟಾಣಿ ಪುಡಿ, ಅಂದರೆ ಹುರಿಗಡಲೆ ಪುಡಿ, ಉದುರಿಸಿ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಪೇಪರಿನಲ್ಲಿ ಕೊಡುವಳು. ಹರಪನಹಳ್ಳಿ ಬಸ್ಸಿನ ಡ್ರೈವರು ಹಾರ್ನ್ ಹೊಡೆದರೂ ತಿನ್ನುವವರು ಏಳುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ. ನಿಂತು ತಿಂದರೆ ಬೈಯುತ್ತಿದ್ದಳು. "ಕುಂದ್ರಲೇ. ಒಲಿ ಮುಂದ ನಾನು ಬೆಂದೀನಿ, ನೀ ಕುಂತು ತಿನ್ನಾಕ ಏನು ಧಾಡಿ?"

ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ತಮ್ಮ ಅಂಗಡಿಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಬಂದ. ಊರೆಲ್ಲ ಅವನನ್ನು ಕಾಕಾ ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಬೆಳಿಗ್ಗೆ ಸಂಜೆ ದೊಡ್ಡವ್ವನ ಕೈಯಡುಗೆ ಉಂಡ. ಉಣ್ಣುತ್ತಲೇ ಜಾಗದ ಮೇಲೆ ಕಣ್ಣು ಹಾಕಿದ. ಒಲೆ ತನಗೆ ಬಿಟ್ಟುಕೊಡು ಅಂದ. ಆಕೆ ಒಪ್ಪಲಿಲ್ಲ. ಅವನು ಜಗಳ ಮಾಡಲಿಲ್ಲ, ಎದುರಿನ ಚಹಾದಂಗಡಿಯಲ್ಲಿ ಕುಂತು ಮೆತ್ತಗೆ ಒಂದು ಮಾತು ಬಿಟ್ಟ: "ಅತ್ತಿಗಿ ಬಾಣಲ್ಯಾಗ ಹಲ್ಲಿ ಬಿದ್ದಿತ್ರಿ. ಸೋಸಿ ಅದರಾಗ ಕರದ್ಲು. ನಾನ ಕಣ್ಣಾರೆ ನೋಡೀನಿ."

ಮನೆಯವನೇ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಒಬ್ಬ ಗಿರಾಕಿ ಪೊಟ್ಟಣ ವಾಪಸ್ ಎಸೆದು ಆ ಮಾತನ್ನು ಮುಖಕ್ಕೇ ಆಡಿದಾಗ ದೊಡ್ಡವ್ವ ದಡಬಡಿಸಿ ಎದ್ದಳು, ಕೈ ಬಾಣಲೆಗೆ ತಾಗಿತು. ಆ ಕಲೆ ಅವತ್ತಿನದು. ಮಳೆಗಾಲ ಮುಗಿಯುವುದರೊಳಗೆ ಒಲೆ ಆರಿತು. ಅದೇ ಮರದ ಕೆಳಗೆ ಕಾಕಾ ಹೊಸ ಬಾಣಲೆ ಇಟ್ಟ, ಹಿಟ್ಟೂ ಅವಳದೇ ಹದ, ಮಸಾಲೆಯೂ ಅವಳದೇ, ಕೈರುಚಿ ಮಾತ್ರ ಬರಲಿಲ್ಲ. ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

"ಮಂದಿ ಕೂಡಿಸಿ ಕೇಳೋಣ ನಡಿ ದೊಡ್ಡವ್ವ" ಅಂದೆ.

"ಕೇಳಿ? ಹಲ್ಲಿ ಬಿದ್ದಿಲ್ಲಂತ ತೋರ್ಸಾಕ ಬರ್ತೈತೇನು? ಅದು ಅವನ ಬಾಯಿಂದ ಹೊಂಟೈತಿ. ಅವನ ಬಾಯಾಗನ ತಿರುಗಿ ಹೋಗ್ಬೇಕು."

ಬಾಣಲೆಯನ್ನು ತಿಕ್ಕಿ ತೊಳೆದು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದಳು. ಮತ್ತೆ ಒಲೆಗೆ ಇಡಲಿಲ್ಲ. ಅವನ ಅಂಗಡಿಗೆ ಎದುರಾಗಿ ಹಣ್ಣಿನ ಪುಟ್ಟಿ ಇಟ್ಟುಕೊಂಡು ಕುಂತಳು. ಕೂಡ್ಲಿಗಿ ಕಡೆಯ ಗುಡ್ಡದ ಸೀತಾಫಲ, ಪೇರಲ, ಪಪ್ಪಾಯಿ. ಪೇರಲ ನಾಲ್ಕು ಹೋಳು ಮಾಡಿ ಉಪ್ಪು ಖಾರ ಸವರಿ ಕೊಟ್ಟರೆ ಬಾಯಲ್ಲಿ ನೀರು. ಒಳ್ಳೆಯ ಸೀತಾಫಲ ಸಿಕ್ಕರೆ ಮಾರದೆ ತಾನೇ ಒಡೆದು, ಒಂದೊಂದೇ ತೊಳೆ ಚೀಪಿ, ಬೀಜವನ್ನು ಅವನ ಅಂಗಡಿಯ ದಿಕ್ಕಿಗೆ ಉಗಿಯುತ್ತಿದ್ದಳು. ಅದರಲ್ಲಿ ಆಕೆಗೆ ಭಾರಿ ಖುಷಿ, ನನಗೂ. ಅವನು ಹಬ್ಬಕ್ಕೊಮ್ಮೆ ಊರಿಗೆ ಕಾಣುವ ಹಾಗೆ ಮಿರ್ಚಿ ಪೊಟ್ಟಣ ಕಳಿಸುತ್ತಿದ್ದ. ಬಿಚ್ಚಿಯೂ ನೋಡದೆ ಬೀದಿ ದನಕ್ಕೆ ಹಾಕುತ್ತಿದ್ದಳು.

ವರ್ಷಗಳು ಕಳೆದವು. ನಾನು ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಹೋಗಿ ಹೊಲಿಗೆ ಅಂಗಡಿ ಇಟ್ಟೆ. ದೊಡ್ಡವ್ವ ಹಾಸಿಗೆ ಹಿಡಿದಾಗ ಬಂದು ಜೊತೆಗಿದ್ದೆ. ಮಂಚದ ಮೇಲೆ ಮಲಗಿಯೇ ನನಗೆ ಹಿಟ್ಟಿನ ಹದ ಕಲಿಸಿದಳು, ನಾನು ಮನೆಯಿಂದ ತಂದ ಬಾಣಲೆಯಲ್ಲಿ. ಕೊನೆಗೆ ಗೂಟದ ಕಡೆ ಕೈ ಮಾಡಿದಳು.

"ನನ್ನ ಎಡಿಗೆ ಅದರಾಗ ಕರಿ. ನನಗ ಮಕ್ಕಳಿಲ್ಲ, ಎಡಿ ಮೊದಲು ಬಾಯಿಗೆ ಹಾಕಾವ ಮೈದುನನ. ಸತ್ತೋರ ಎಡಿ ಒಲ್ಲೆ ಅನ್ನಂಗಿಲ್ಲ."

"ಅಷ್ಟರ ಮಟ್ಟಿಗೆ ಯಾಕ ದೊಡ್ಡವ್ವ?"

"ಅಷ್ಟಕ್ಕ ಇಷ್ಟು ದಿನ ಅವನ ಎದುರಿಗೆ ಕುಂತೀನಿ. ತಿಂದ ಮ್ಯಾಲೆ ಕೇಳು. ಮರಿಬ್ಯಾಡ."

ಮರೆಯುವುದುಂಟೇ? ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ದೊಡ್ಡವ್ವ ತೀರಿಕೊಂಡ ಮೇಲೆ, ಎಡೆಯ ದಿನ, ಆಕೆಯ ಫೋಟೋ ಮುಂದೆ ಸೀತಾಫಲ, ಪೇರಲ, ಒಗ್ಗರಣೆ ಮಂಡಕ್ಕಿ ಇಟ್ಟು, ಅಂಗಳದಲ್ಲಿ ಎಲ್ಲರ ಕಣ್ಣ ಮುಂದೆ ಒಲೆ ಹೂಡಿ ಮಿರ್ಚಿ ಕರಿದೆ. ಓಣಿಯವರೆಲ್ಲ ಬಂದಿದ್ದರು. ಚಹಾದಂಗಡಿಯವನೂ ಬಂದಿದ್ದ, ನಾನೇ ಹೋಗಿ ಕರೆದಿದ್ದೆ. ಪೂಜೆ ಮುಗಿಸಿ ತಟ್ಟೆಯನ್ನು ಕಾಕಾನ ಮುಂದೆ ಹಿಡಿದೆ.

ಅವನು ಒಲೆಯ ಕಡೆ ನೋಡಿದ. "ಇದು ಅದ ಬಾಣಲಿ ಏನು?"

"ಅದನ ರೀ ಕಾಕಾ."

ಕೈ ಮುಂದೆ ಬರಲಿಲ್ಲ. ಓಣಿಯ ಹಿರಿಯರೊಬ್ಬರು, "ತಿನ್ನಪ್ಪಾ, ಅತ್ತಿಗಿ ಎಡಿ" ಅಂದರು. ತಿಂದ. ಎಲ್ಲರೂ ನೋಡುತ್ತಿದ್ದರು.

"ಹಲ್ಲಿ ವಾಸನಿ ಬಂತೇನ್ರಿ?"

ತಲೆ ಅಲ್ಲಾಡಿಸಿದ.

"ಬಾಯಿ ಬಿಟ್ಟು ಹೇಳ್ರಿ. ಅವತ್ತು ಹೇಳಿದ್ರಲ್ಲ, ಹಂಗ."

"ಇಲ್ಲವಾ" ಅಂದ. ನಾನು ಅಲ್ಲೇ ನಿಂತೆ. ಅವನು ನೆಲ ನೋಡುತ್ತ, "ಹಲ್ಲಿ ಬಿದ್ದಿರ್ಲಿಲ್ಲ. ನಾನ ಅಂದಿದ್ದೆ" ಅಂದ. ಚಹಾದಂಗಡಿಯವನು ತಲೆ ತಗ್ಗಿಸಿದ.

ಎಡೆಯ ಮುಂದೆ ಹಾಗೆ ಕೇಳಬಾರದಿತ್ತು ಎಂದು ನಮ್ಮವರು ಇವತ್ತಿಗೂ ಅನ್ನುತ್ತಾರೆ. ಅನ್ನಲಿ. ದೊಡ್ಡವ್ವನ ಕೈತುತ್ತಿನ ಋಣ ನನ್ನ ಮೇಲಿತ್ತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ?

ಅಷ್ಟು ವರ್ಷದ ಮೇಲೆ ಆ ರುಚಿ ಅವನ ನಾಲಗೆಗೆ ತಾಗಿತ್ತು. ಕಣ್ಣಲ್ಲಿ ನೀರು, ಖಾರಕ್ಕೋ ಮತ್ತೇತಕ್ಕೋ. ತನಗರಿವಿಲ್ಲದೆ ಇನ್ನೊಂದಕ್ಕೆ ಕೈ ಚಾಚಿದ. ನಾನು ತಟ್ಟೆ ಎತ್ತಿಕೊಂಡು ಹೋಗಿ ಉಳಿದದ್ದನ್ನೆಲ್ಲ ಬೀದಿ ದನಕ್ಕೆ ಹಾಕಿದೆ.